ಒಂದು ತಿಂಗಳು ಹಿಂದಿದ್ದ ಪುಸ್ತಕ

ನಮ್ಮ ವಿದ್ಯಾಸಂಸ್ಥೆಯ ಹೆಡ್ ಗುಮಾಸ್ತರು ತೀರಿಕೊಂಡ ಮುಂದಿನ ವಾರ ಕಡೂರಿನ ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ಅಧ್ಯಕ್ಷರು ಮಾತನಾಡಿ, ಮೃತರು ಸಂಸ್ಥೆಯ ಡಿಜಿಟಲ್ ಕ್ರಾಂತಿಯ ಹರಿಕಾರರಾಗಿದ್ದರು ಎಂದರು. ಹರಿಕಾರರು ಬದುಕಿದ್ದಷ್ಟು ಕಾಲ ಮೌಸ್ ಹಿಡಿದವರಲ್ಲ. ಒಮ್ಮೆ ಫ್ಯಾನಿನ ಗಾಳಿಗೆ ಕಾಗದ ಹಾರದಿರಲೆಂದು ಮೌಸನ್ನು ಅದರ ಮೇಲೆ ಇಟ್ಟಿದ್ದರು; ಅದನ್ನೂ ಕ್ರಾಂತಿಗೆ ಸೇರಿಸುವುದಾದರೆ ನನ್ನ ಅಭ್ಯಂತರವಿಲ್ಲ. ವೇದಿಕೆಯಲ್ಲಿ ಹಾರ ಹಾಕಿದ್ದ ಫೋಟೊದಲ್ಲಿ ಅವರಿಗೆ ಎಡಗಿವಿ ಇರಲಿಲ್ಲ. ಮೂವತ್ತೈದು ವರ್ಷ ದುಡಿದವರ ಒಂದು ಬಿಡಿ ಫೋಟೊ ಸಂಸ್ಥೆಯಲ್ಲಿ ಸಿಗದೆ, ಯಾವುದೋ ವಾರ್ಷಿಕೋತ್ಸವದ ಗುಂಪು ಫೋಟೊದಿಂದ ಕತ್ತರಿಸಿ ತೆಗೆದಿದ್ದರು. ಕಿವಿ ಇರಬೇಕಾದಲ್ಲಿ ಅಧ್ಯಕ್ಷರ ಮೊಣಕೈ ಇತ್ತು.

ನಾನು ಅದೇ ಸಂಸ್ಥೆಯಲ್ಲಿ ಕಂಪ್ಯೂಟರ್ ಮೇಷ್ಟ್ರು. ಕಡೂರು, ತರೀಕೆರೆ, ಅಜ್ಜಂಪುರ ಮೂರು ಊರುಗಳಲ್ಲಿ ನಮ್ಮ ಶಾಲೆಗಳಿವೆ. ಮೂರಕ್ಕೂ ಅವರೊಬ್ಬರೇ ಹೆಡ್ ಗುಮಾಸ್ತರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬೇರೆಯವರು ಬರೆದ ಹೆಸರಿನಲ್ಲಿ ಒಂದಾದರೂ ತಪ್ಪಿರುತ್ತದೆ ಎಂಬುದು ಅವರ ಖಚಿತ ಅಭಿಪ್ರಾಯವಾಗಿತ್ತು. ನನ್ನಿಂದ ಅದು ಮತ್ತೊಮ್ಮೆ ಸಾಬೀತಾಗುವುದು ಬೇಡ.

ಅವರ ಮುಖ್ಯ ಕೆಲಸ ದಾಖಲಾತಿ ಪುಸ್ತಕ ಬರೆಯುವುದು. ಮಗುವನ್ನು ಶಾಲೆಗೆ ಸೇರಿಸಿದಾಗ ಅದರ ಹೆಸರು, ತಂದೆಯ ಹೆಸರು, ಊರು, ಹುಟ್ಟಿದ ತಾರೀಖು, ಓದುವ ಮಾಧ್ಯಮ ಎಲ್ಲವನ್ನೂ ಒಂದು ಸಾಲಿನಲ್ಲಿ ಬರೆದಿಡುವ ಉದ್ದನೆಯ ಪುಸ್ತಕ ಅದು. ಆ ಮಗು ದೊಡ್ಡದಾಗಿ ಟಿಸಿ ಬೇಕು, ಕೆಲಸಕ್ಕೆ ಪ್ರಮಾಣಪತ್ರ ಬೇಕು ಎಂದು ಬಂದಾಗಲೆಲ್ಲ ಮೊದಲು ಬಿಚ್ಚುವುದು ಇದನ್ನೇ. ಇದರಲ್ಲಿ ಸಾಲಿಲ್ಲದವರು ನಮ್ಮ ಶಾಲೆಯಲ್ಲಿ ಓದಿದವರೇ ಅಲ್ಲ, ನಮ್ಮ ಡ್ರಿಲ್ ಮೇಷ್ಟ್ರ ಬೆತ್ತದ ಗುರುತು ಅಂಗೈಯಲ್ಲಿದ್ದರೂ ಸರಿಯೇ.

ಈ ಪುಸ್ತಕವನ್ನು ಗುಮಾಸ್ತರು ಒಂದಲ್ಲ, ಮೂರು ಬರೆಯುತ್ತಿದ್ದರು. ಯಾರೂ ಹೇಳಿರಲಿಲ್ಲ, ಯಾವ ನಿಯಮದಲ್ಲೂ ಇರಲಿಲ್ಲ. ಕಡೂರಿನದು ಅಸಲು, ಮಗು ಸೇರಿದ ದಿನವೇ ಸಾಲು ಬೀಳಬೇಕು. ತರೀಕೆರೆಯಲ್ಲಿ ಒಂದು ಪ್ರತಿ. ಶನಿವಾರ ಶಾಲೆ ಬಿಟ್ಟ ಮೇಲೆ ಆ ವಾರದ ಸಾಲುಗಳನ್ನು ಬಿಡಿ ಹಾಳೆಯಲ್ಲಿ ಬರೆದುಕೊಂಡು, ಬಸ್ಸು ಹತ್ತಿ ಹೋಗಿ, ಅಲ್ಲಿನ ಪುಸ್ತಕಕ್ಕೆ ಏರಿಸಿ ಬರುತ್ತಿದ್ದರು. ಅಜ್ಜಂಪುರದಲ್ಲಿ ಇನ್ನೊಂದು ಪ್ರತಿ. ಅಲ್ಲಿಗೆ ತಿಂಗಳಿಗೊಮ್ಮೆ ಹೋಗುವುದು, ಅದೂ ಹಿಂದಿನ ತಿಂಗಳ ಸಾಲುಗಳನ್ನು ಮಾತ್ರ ತೆಗೆದುಕೊಂಡು. ಬರೆದಾದ ಮೇಲೆ ಕೊನೆಯ ಸಾಲಿನ ಕೆಳಗೆ ಅಲ್ಲಿನ ಮುಖ್ಯೋಪಾಧ್ಯಾಯರ ಸಹಿ, ಮೊಹರು. ಯಾವ ಎರಡು ಪುಸ್ತಕವೂ ಒಂದೇ ಸೂರಿನಡಿ ಒಂದು ಗಂಟೆಯೂ ಇರಕೂಡದು. ಹಾಳೆಗಳ ಚೀಲವನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ತಬ್ಬಿ ಕೂರುತ್ತಿದ್ದ ಅವರನ್ನು ನೋಡಿ ಕಂಡಕ್ಟರ್ ಕೇಳುತ್ತಿದ್ದನಂತೆ: "ಗುಮಾಸ್ತ್ರೇ, ಮಗೀಗೆ ಹಾಫ್ ಟಿಕೆಟ್ ಹರೀಲಾ?"

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದನ್ನೆಲ್ಲ ನೋಡಿ ನಗು ತಡೆಯುವುದೇ ಕಷ್ಟವಾಗಿತ್ತು. ಬೇಗ ಬೇಗ ಬರೆದರೆ ಸಂತೋಷ, ಬೇಕೆಂದೇ ತಡ ಮಾಡುವ ಮನುಷ್ಯನನ್ನು ಕಂಡಿರಲಿಲ್ಲ. ಒಂದು ದಿನ ಕೇಳಿಯೇಬಿಟ್ಟೆ.

"ಅಜ್ಜಂಪುರದ್ದು ಯಾಕೆ ಸಾರ್ ಯಾವಾಗ್ಲೂ ಒಂದು ತಿಂಗಳು ಹಿಂದೆ? ಅದನ್ನೂ ವಾರಕ್ಕೊಂದ್ಸಲ ಮಾಡಬಾರ್ದಾ?"

ಅವರು ಪೆನ್ನಿನ ಮುಚ್ಚಳ ಹಾಕಿ ಹೇಳಿದರು: "ತಪ್ಪು ಬರ್ದ ದಿನ ಅದು ತಪ್ಪು ಅಂತ ಯಾರ್ಗೂ ಕಾಣಲ್ಲ ಕಣ್ರೀ ಮೇಷ್ಟ್ರೇ. ಒಂದಷ್ಟು ದಿನ ಹೋಗ್ಬೇಕು. ಅಷ್ಟ್ರೊಳ್ಗೆ ನಾನು ಓಡೋಡಿ ಹೋಗಿ ಮೂರೂ ಕಡೆ ಬರ್ದಿದ್ರೆ, ಆಮೇಲೆ ಯಾವ್ದನ್ನ ನೋಡ್ಕೊಂಡು ತಿದ್ಲಿ?"

ನಾನು ತಲೆಯಾಡಿಸಿದೆ. ನಂಬಿದೆ ಎಂದಲ್ಲ, ಊಟದ ಹೊತ್ತಾಗಿತ್ತು.

ಈ ನಿಧಾನದ್ದೇ ಒಂದು ಕಥೆ ಶಾಲೆಯಲ್ಲಿ ಓಡಾಡುತ್ತಿತ್ತು. ನಾನು ಸೇರುವ ಮುಂಚಿನದು. ಆಡಳಿತ ಮಂಡಳಿಯ ಸದಸ್ಯರೊಬ್ಬರ ಮಗ ಒಳ್ಳೆಯ ಕಬಡ್ಡಿ ಆಟಗಾರ. ಹದಿನಾಲ್ಕರೊಳಗಿನ ತಂಡಕ್ಕೆ ಅವನು ಬೇಕು, ಅವನಿಗೋ ಹದಿನಾರು. ಅಂದಿನ ಮುಖ್ಯೋಪಾಧ್ಯಾಯರು ಹುಟ್ಟಿದ ವರ್ಷ ತಿದ್ದುವಂತೆ ಗುಮಾಸ್ತರಿಗೆ ಲಿಖಿತ ಆದೇಶ ಕೊಟ್ಟರು. ಇವರು ವಾದ ಮಾಡಲಿಲ್ಲ. ಆದೇಶದ ಸಂಖ್ಯೆ ಹಾಕಿ ಕಡೂರಿನಲ್ಲಿ ತಿದ್ದಿದರು, ಶನಿವಾರ ಹೋಗಿ ತರೀಕೆರೆಯಲ್ಲೂ ತಿದ್ದಿದರು. "ಅಜ್ಜಂಪುರ?" ಎಂದು ಮುಖ್ಯೋಪಾಧ್ಯಾಯರು ಕೇಳಿದರೆ, "ಅದು ಮುಂದಿನ್ ತಿಂಗ್ಳು ಸಾರ್, ಪದ್ಧತಿ" ಎಂದರಂತೆ. ಮುಂದಿನ ತಿಂಗಳು ಬರುವಷ್ಟರಲ್ಲಿ ಎದುರಾಳಿ ತಂಡದವರು ದೂರು ಕೊಟ್ಟು, ವಿಚಾರಣೆಗೆ ಅಧಿಕಾರಿಗಳು ಬಂದು, ಮೂರು ಪುಸ್ತಕವನ್ನೂ ನೋಡಿದರು. ಹುಡುಗ ಒಂದೇ ಮಧ್ಯಾಹ್ನದಲ್ಲಿ ಎರಡು ವರ್ಷ ದೊಡ್ಡವನಾದ. ಇಷ್ಟು ದೊಡ್ಡ ಸೇವೆ ಮಾಡಿದ್ದಕ್ಕೆ ಗುಮಾಸ್ತರನ್ನು ಒಂದು ವರ್ಷ ತರೀಕೆರೆಗೆ ಎತ್ತಿ ಹಾಕಿದರು. ಅವರು ಬಸ್ಸಿನ ದಿಕ್ಕು ಬದಲಾಯಿಸಿಕೊಂಡರು, ಅಷ್ಟೇ. ಅಜ್ಜಂಪುರ ಆಗಲೂ ಒಂದು ತಿಂಗಳು ಹಿಂದೆಯೇ ಇತ್ತು.

ಇಂಥ ಊರಿಗೆ ಕ್ಲೌಡ್ ಬಂತು. ಬಂದದ್ದು ಬೀಗರ ಮನೆಯಿಂದ. ನಮ್ಮ ಅಧ್ಯಕ್ಷರು ತೆಂಗಿನಕಾಯಿ ಮಂಡಿಯ ಮಾಲೀಕರು. ಬೆಂಗಳೂರಿನಲ್ಲಿ ಒಂದು ಮದುವೆ ಮುಗಿಸಿಕೊಂಡು ಬಂದವರೇ ಸಭೆ ಕರೆದರು. "ಬೀಗ್ರ ಕಾಲೇಜಿಂದೆಲ್ಲಾ ಕ್ಲೌಡಲ್ಲಿ ಐತಂತೆ ಕಣ್ರೀ. ನಮ್ದಿನ್ನೂ ಬೀರುವಲ್ಲೇ ಕೊಳೀತೈತೆ" ಎಂದರು. ಸಂಸ್ಥೆಯ ಮಾನ ಉಳಿಯಬೇಕಾದರೆ ಮಕ್ಕಳ ಹೆಸರೆಲ್ಲ ಆಕಾಶಕ್ಕೆ ಏರಲೇಬೇಕು ಎಂದು ಸರ್ವಾನುಮತದಿಂದ ತೀರ್ಮಾನವಾಯಿತು. ಅದರ ಜವಾಬ್ದಾರಿ ನನ್ನ ಹೆಗಲಿಗೆ ಬಿತ್ತು. ನಾನು ಆ ದಿನ ಎದೆಯುಬ್ಬಿಸಿಕೊಂಡು ಮನೆಗೆ ಹೋದೆ.

ಬೆಂಗಳೂರಿನ ಒಂದು ಕಂಪನಿಯಿಂದ ಟೈ ಕಟ್ಟಿಕೊಂಡ ತರುಣ ಬಂದ. ಗೋಡೆಯ ಮೇಲೆ ಚಿತ್ರ ಬಿಟ್ಟು ಎಲ್ಲ ವಿವರಿಸಿದ. ಸರ್ವರ್ ಬಾಡಿಗೆಗೆ ಸಿಗುತ್ತದೆ, ಡಿಸ್ಕೂ ಬಾಡಿಗೆಗೆ ಸಿಗುತ್ತದೆ. ಆಮೇಲೆ ಒಂದು ಪುಟದ ತುಂಬ ಖಾಲಿ ಡಬ್ಬಿಗಳು, ಬೇಕಾದ್ದಕ್ಕೆ ಟಿಕ್ ಹಾಕಬೇಕು. ಡಿಸ್ಕಿನ ನಕಲು ಒಂದೇ ಕಟ್ಟಡದಲ್ಲಿ ಸಾಕೋ, ಬೇರೆ ಬೇರೆ ಊರಿನಲ್ಲಿ ಬೇಕೋ? ಪ್ರತಿದಿನ ಡಿಸ್ಕು ಇದ್ದಂತೆಯೇ ಒಂದು ಪ್ರತಿ ತೆಗೆದು ಕಾದಿಡಬೇಕೋ ಬೇಡವೋ, ಇಡುವುದಾದರೆ ಎಷ್ಟು ದಿನ? ಅಳಿಸಿದ್ದನ್ನು ಕೂಡಲೇ ಬಿಸಾಡಬೇಕೋ, ಒಂದಷ್ಟು ದಿನ ಇಟ್ಟುಕೊಂಡಿರಬೇಕೋ?

"ಇದು ರೆಪ್ಲಿಕೇಶನ್ ಸಾರ್," ಎಂದು ಅವನು ಮೂರು ಊರಿನ ಡಬ್ಬಿಯನ್ನು ತೋರಿಸಿದ. "ನೀವಿಲ್ಲಿ ಬರೆದ ಮರುಕ್ಷಣ ಮೂರು ಊರಿನ ಮೂರು ಸರ್ವರಲ್ಲೂ ಅದೇ ಇರುತ್ತೆ. ಒಂದು ಸೆಕೆಂಡೂ ತಡ ಇಲ್ಲ. ಒಂದು ಊರು ಮುಳುಗೋದ್ರೂ ಇನ್ನೆರಡ್ರಲ್ಲಿ ಸೇಫ್."

"ನಮ್ ಗುಮಾಸ್ತ್ರು ಬಸ್ಸಲ್ಲಿ ಮಾಡಿದ್ದನ್ನ ಇವ್ರು ಆಕಾಶ್ದಲ್ಲಿ ಮಾಡ್ತಾರೆ, ಅಷ್ಟೇಯ," ಎಂದರು ಅಧ್ಯಕ್ಷರು. ಎಲ್ಲರೂ ಮೆಚ್ಚಿಗೆಯಿಂದ ಗುಮಾಸ್ತರ ಕಡೆ ನೋಡಿದರು. ಗುಮಾಸ್ತರು ಬೆರಳೆತ್ತಿದರು.

"ಇಲ್ಲಿ ಅಳ್ಸಿದ್ರೆ?"

"ಅಲ್ಲೂ ಅಳಿಸಿಹೋಗುತ್ತೆ ಸಾರ್. ತಕ್ಷಣ."

"ಮೂರೂ ಕಡೆ?"

"ಮೂರೂ ಕಡೆ ಸಾರ್. ಅದೇ ನಮ್ಮ ಸ್ಪೆಷಾಲಿಟಿ."

"ಸ್ವಲ್ಪ ತಡವಾಗಿ ಹೋಗೋದು ಯಾವ್ದಾದ್ರೂ ಇದ್ಯಾಪ್ಪಾ? ನಮ್ಗೆ ಅದು ಬೇಕಿತ್ತು."

ಸಭೆಯಲ್ಲಿ ನಗುವೋ ನಗು. ವೇಗಕ್ಕೆಂದು ಬಾಡಿಗೆ ತೆಗೆದುಕೊಳ್ಳುವ ಅಂಗಡಿಗೆ ಹೋಗಿ ತಡ ಕೊಡಿ ಎಂದು ಕೇಳುವ ಗಿರಾಕಿಯನ್ನು ಆ ತರುಣನೂ ಕಂಡಿರಲಿಲ್ಲವಂತೆ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಕಂಪ್ಯೂಟರ್ ಮೇಷ್ಟ್ರಲ್ಲವೇ, ಹಾಗೆ ನಗುವುದು ನನ್ನ ಹುದ್ದೆಯ ಕರ್ತವ್ಯ.

ಈಗ ಒಂದು ಮಾತು ಒಪ್ಪಿಕೊಳ್ಳಬೇಕು. ಗುಮಾಸ್ತರು ಕೇಳುತ್ತಿದ್ದುದು ಏನೆಂದು ಆ ಸಭೆಯಲ್ಲಿ ಸರಿಯಾಗಿ ಗೊತ್ತಿದ್ದವನೂ ನಾನೊಬ್ಬನೇ. ಒಂಬತ್ತನೇ ತರಗತಿಗೆ ಅದನ್ನು ಪಾಠ ಮಾಡಿದ್ದೆ. ರೆಪ್ಲಿಕೇಶನ್ ಅಂದರೆ ಕನ್ನಡಿ, ಬ್ಯಾಕಪ್ ಅಂದರೆ ಫೋಟೊ. ಮುಖಕ್ಕೆ ಮಸಿ ಬಳಿದುಕೊಂಡರೆ ಕನ್ನಡಿಯಲ್ಲೂ ಮಸಿ. ನಿನ್ನೆ ತೆಗೆದ ಫೋಟೊದಲ್ಲಿ ಮುಖ ನಿನ್ನೆಯಂತೆಯೇ ಇರುತ್ತದೆ. ಹಳೆಯ ಪ್ರತಿ ಕಾದಿಡುವ ಡಬ್ಬಿಯೇ ಗುಮಾಸ್ತರ ಅಜ್ಜಂಪುರ. ಅದು ನನ್ನ ಕಣ್ಣೆದುರೇ ಇತ್ತು. ಪೆನ್ನು ಅದರ ಮೇಲೆ ಹೋಗಿಯೂ ಇತ್ತು. ಅಷ್ಟರಲ್ಲಿ ಅಧ್ಯಕ್ಷರು, "ನಿನ್ನೇದು ಇಟ್ಕೊಂಡು ಏನ್ ಮಾಡ್ತೀರಿ ಮೇಷ್ಟ್ರೇ? ಇವತ್ತಿಂದಿದ್ರೆ ಸಾಲ್ದಾ?" ಎಂದರು. "ಸಾಕು ಸಾರ್" ಎಂದೆ. ಅಧ್ಯಕ್ಷರಿಗೆ ಎದುರಾಡಿ ಅಭ್ಯಾಸವಿರಲಿಲ್ಲ. ಮೂರು ಕನ್ನಡಿಗೆ ಟಿಕ್ ಹಾಕಿ, ಕೆಳಗೆ ನನ್ನ ಸಹಿ ಹಾಕಿದೆ.

ಪುಸ್ತಕಗಳಲ್ಲಿದ್ದ ಹೆಸರನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸ ಅಧ್ಯಕ್ಷರ ಮಂಡಿಯ ಹಿಂದಿನ ಗೋಡೌನಿನಲ್ಲಿ ನಡೆಯಿತು. ಹೋಲಿಸಿ ನೋಡಲು ಅನುಕೂಲವಾಗಲೆಂದು ಕಡೂರಿನ ಪುಸ್ತಕಗಳನ್ನೂ ತರೀಕೆರೆಯ ಪುಸ್ತಕಗಳನ್ನೂ ಅಲ್ಲಿಗೇ ತರಿಸಿದೆವು. ಅಜ್ಜಂಪುರದ್ದನ್ನೂ ತರಿಸಿ ಎಂದಾಗ ಗುಮಾಸ್ತರು, "ಅದು ತಿಂಗ್ಳು ಹಿಂದೆ ಬಿದ್ದೈತೆ ಸಾರ್, ನಿಮ್ ಸ್ಪೀಡಿಗೆ ಆಗಲ್ಲ" ಎಂದರು. ಹಿಂದೆ ಬಿದ್ದದ್ದು ನಮಗೇಕೆ ಎಂದು ಬಿಟ್ಟೆವು. ಕೆಲಸ ಮುಗಿದ ತಿಂಗಳೇ ಗುಮಾಸ್ತರು ನಿವೃತ್ತರಾದರು. ಅಜ್ಜಂಪುರದ ಬೀರುವಿನ ಕೀಲಿಯನ್ನು ಒಪ್ಪಿಸಲು ಅವರು ಮೂರು ಸಲ ಕಚೇರಿಗೆ ಬಂದರೂ ತೆಗೆದುಕೊಳ್ಳುವವರಿರಲಿಲ್ಲ. ಕೀಲಿ ಅವರ ಜೇಬಿನಲ್ಲೇ ಉಳಿಯಿತು. ಗೋಡೌನಿನಲ್ಲಿದ್ದ ಪುಸ್ತಕಗಳನ್ನು ವಾಪಸ್ ಕಳಿಸುವುದು ಎಲ್ಲರಿಗೂ ಮರೆತುಹೋಯಿತು. ಗೆದ್ದಲಿಗೆ ಮರೆಯಲಿಲ್ಲ. ತೆಂಗಿನ ಸಿಪ್ಪೆಯ ಪಕ್ಕದಲ್ಲಿ ಒಂದೇ ಮಳೆಗಾಲಕ್ಕೆ ಎರಡೂ ಊರಿನ ಪುಸ್ತಕಗಳು ಮಣ್ಣಾದವು. ಆಗಲಿ ಬಿಡಿ, ಎಲ್ಲ ಮೇಲೆ ಇದೆಯಲ್ಲ ಎಂದುಕೊಂಡೆವು.

ಮುಂದಿನ ವರ್ಷ ಒಂದು ಮಧ್ಯಾಹ್ನ ಊಟವಾದ ಮೇಲೆ ನನಗೆ ಶುದ್ಧೀಕರಣದ ಹುಚ್ಚು ಹಿಡಿಯಿತು. ಪಟ್ಟಿಯಲ್ಲಿ ಒಬ್ಬನೇ ವಿದ್ಯಾರ್ಥಿ ಎರಡು ಸಲ ನಮೂದಾಗಿದ್ದರೆ ಹುಡುಕಿ ತೆಗೆದುಹಾಕುವ ಸೌಲಭ್ಯ ಅದರಲ್ಲಿತ್ತು. ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು ಮೂರೂ ಒಂದೇ ಆಗಿದ್ದರೆ ಒಂದನ್ನು ಉಳಿಸಿ ಉಳಿದದ್ದನ್ನು ಅಳಿಸು ಎಂದೆ. ಪ್ರಪಂಚದ ಬೇರೆಲ್ಲಾದರೂ ಇದು ಬುದ್ಧಿವಂತಿಕೆಯ ಕೆಲಸವೇ. ಪರದೆಯ ಮೇಲೆ ಅಳಿಸಿದ ಸಾಲುಗಳ ಸಂಖ್ಯೆ ಸರಸರ ಏರಿತು. ನಮ್ಮ ಗುಮಾಸ್ತರು ಎಷ್ಟೊಂದು ಸಲ ಬರೆದದ್ದನ್ನೇ ಬರೆದಿದ್ದಾರಪ್ಪಾ ಎಂದು ಮರುಕಪಟ್ಟು ಮನೆಗೆ ಹೋದೆ.

ನಮ್ಮ ಕಡೆಯವರು ಹೆಸರಿಡುವ ಕ್ರಮವೇ ಬೇರೆ. ಹುಟ್ಟಿದ ಮಗುವಿಗೆ ಮನೆದೇವರ ಹೆಸರು. ಯಗಟಿಯಿಂದ ದೇವನೂರಿನವರೆಗೆ ಮನೆದೇವರು ನಾಲ್ಕೈದೇ ಆದ್ದರಿಂದ ತಂದೆಯರ ಹೆಸರೂ ನಾಲ್ಕೈದೇ, ಮಕ್ಕಳ ಹೆಸರೂ ನಾಲ್ಕೈದೇ. ಇನ್ನು ಹುಟ್ಟಿದ ತಾರೀಖು. ಆ ಕಾಲದಲ್ಲಿ ಹಳ್ಳಿಯ ತಾಯಿಗೆ ಮಗು ಹುಟ್ಟಿದ್ದು ರಾಗಿ ಕೊಯ್ಲಿಗೆ ಮುಂಚೆ ಎಂದು ನೆನಪಿರುತ್ತಿತ್ತೇ ಹೊರತು ತಾರೀಖು ನೆನಪಿರುತ್ತಿರಲಿಲ್ಲ. ಶಾಲೆಗೆ ಸೇರಿಸುವ ಮೇಷ್ಟ್ರು ವಯಸ್ಸಿಗೆ ಸರಿಹೊಂದುವಂತೆ ಜೂನ್ ಒಂದು ಎಂದು ಬರೆದುಕೊಳ್ಳುತ್ತಿದ್ದರು. ಹೀಗಾಗಿ ಕಡೂರು ಸೀಮೆಯ ಅರ್ಧ ಜನ ಜೂನ್ ಒಂದರಂದೇ ಹುಟ್ಟಿದವರು. ಒಂದೇ ಹೆಸರು, ಒಂದೇ ತಂದೆ ಹೆಸರು, ಒಂದೇ ತಾರೀಖು, ಜೀವ ಮಾತ್ರ ಬೇರೆ ಬೇರೆ. ಊರಿನ ಕಾಲಮನ್ನೂ ಸೇರಿಸಿ ಹೋಲಿಸು ಎಂದಿದ್ದರೆ ಅರ್ಧದಷ್ಟಾದರೂ ಉಳಿಯುತ್ತಿತ್ತು. ನನಗೆ ಹೊಳೆಯಲಿಲ್ಲ. ನಾನು ಅಳಿಸಿದ್ದು ನಕಲುಗಳನ್ನಲ್ಲ, ಮನುಷ್ಯರನ್ನು. ಕಂಪನಿಯವರು ಮಾತಿಗೆ ತಪ್ಪಲಿಲ್ಲ. ಒಂದು ಸೆಕೆಂಡೂ ತಡವಿಲ್ಲದೆ ಮೂರೂ ಊರಿನಲ್ಲಿ ಅಳಿಸಿದರು.

ಇದು ಗೊತ್ತಾದದ್ದು ಎರಡು ತಿಂಗಳ ಮೇಲೆ, ಒಂದು ಶುಕ್ರವಾರ. ರೇಣುಕಾ ಎಂಬ ಯಗಟಿಯ ಹೆಣ್ಣುಮಗಳು ಕಚೇರಿಗೆ ಬಂದಳು. ನರ್ಸಿಂಗ್ ಓದಿ, ಐದು ವರ್ಷ ಅಲ್ಲಿ ಇಲ್ಲಿ ದುಡಿದು, ಸರ್ಕಾರಿ ಆಸ್ಪತ್ರೆಯ ಕೆಲಸಕ್ಕೆ ಆಯ್ಕೆಯಾಗಿದ್ದಳು. ಸೋಮವಾರ ಬೆಂಗಳೂರಿನಲ್ಲಿ ದಾಖಲೆ ಪರಿಶೀಲನೆ. ಕನ್ನಡ ಮಾಧ್ಯಮದಲ್ಲಿ ಓದಿದ್ದಾಳೆಂದು ಶಾಲೆಯಿಂದ ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರ ಬೇಕು. ಆ ಮೀಸಲಾತಿಯಲ್ಲೇ ಅವಳಿಗೆ ಜಾಗ ಸಿಕ್ಕಿದ್ದು. ಅದಿಲ್ಲದಿದ್ದರೆ ಕೆಲಸ ಪಟ್ಟಿಯಲ್ಲಿ ಕೆಳಗಿರುವವರಿಗೆ ಹೋಗುತ್ತದೆ. ಎರಡು ನಿಮಿಷದ ಕೆಲಸ ಎಂದು ಹೇಳಿ ನಾನು ಕಂಪ್ಯೂಟರ್ ತೆಗೆದೆ. ರೇಣುಕಾ, ತಂದೆ ಕಲ್ಲೇಶಪ್ಪ, ಜೂನ್ ಒಂದು. ಊರು ದೇವನೂರು.

"ದೇವನೂರಲ್ಲ ಸಾರ್, ನಂದು ಯಗಟಿ."

ಮತ್ತೆ ಹುಡುಕಿದೆ. ಒಬ್ಬಳೇ ರೇಣುಕಾ.

"ನಾನು ಎಂಟರಿಂದ ಹತ್ತರವರ್ಗೂ ಇಲ್ಲೇ ಓದೀನಿ ಸಾರ್. ದಿನಾ ಯಗಟಿ ಬಸ್ಸಲ್ಲಿ ಬತ್ತಿದ್ದೆ. ಇಲ್ಲ ಅಂದ್ರೆ ನಾನೆಲ್ಲಿಗೆ ಹೋದೆ ಸಾರ್?"

ಅವಳು ಎಲ್ಲಿಗೆ ಹೋಗಿದ್ದಾಳೆಂದು ಆ ಕ್ಷಣಕ್ಕೆ ನನಗೆ ಅರ್ಥವಾಯಿತು. ಮುಖ್ಯೋಪಾಧ್ಯಾಯಿನಿ ತಮ್ಮ ಕೋಣೆಯಿಂದಲೇ, ಸಾಲು ಕಣ್ಣಾರೆ ನೋಡದೆ ಸಹಿ ಹಾಕುವುದಿಲ್ಲ ಎಂದರು. ಅವರ ಮಾತು ಸರಿಯಾಗಿತ್ತು. ಕಂಪನಿಯ ತರುಣನಿಗೆ ಫೋನ್ ಮಾಡಿದೆ.

"ಮೂರೂ ಕಡೆ ಹಸಿರು ತೋರಿಸ್ತಿದೆ ಸಾರ್. ಎಲ್ಲಾ ಆರೋಗ್ಯವಾಗಿದೆ," ಎಂದ.

"ಎರಡು ತಿಂಗಳ ಹಿಂದೆ ಇದ್ದ ಹಾಗೆ ತಂದುಕೊಡೋಕಾಗುತ್ತಾ?"

"ಆ ಡಬ್ಬಿಗೆ ನೀವು ಟಿಕ್ ಹಾಕಿಲ್ಲ ಸಾರ್. ಫಾರಂ ಮೇಲೆ ನಿಮ್ಮದೇ ಸಹಿ ಇದೆ, ಸ್ಕ್ಯಾನ್ ಕಳಿಸ್ಲಾ?"

ಬೇಡ ಎಂದೆ. ಆ ಒಂದು ಕಾಗದಕ್ಕೆ ಮಾತ್ರ ಅವರು ಒಳ್ಳೆಯ ಬ್ಯಾಕಪ್ ಇಟ್ಟಿದ್ದರು.

ಮರುದಿನ ಶನಿವಾರ ಬೆಳಿಗ್ಗೆ ಗುಮಾಸ್ತರ ಮನೆಗೆ ಹೋದೆ. ರೇಣುಕಾಳೂ ಜೊತೆಯಲ್ಲಿದ್ದಳು. ನಾನು ಸರ್ವರು, ಸಾಫ್ಟ್‌ವೇರು, ತಾಂತ್ರಿಕ ದೋಷ ಎಂದು ಏನೇನೋ ಹೇಳಿದೆ. ಅವರು ಅಂಗಿ ಹಾಕಿಕೊಳ್ಳುತ್ತಲೇ ಕೇಳಿಸಿಕೊಂಡರು. ಅವಳನ್ನು, "ಯಗಟಿ ಕಲ್ಲೇಶಪ್ಪನ ಮಗಳೇನವ್ವಾ? ಕುರಿ ಸಾಕಿದ್ರಲ್ಲ?" ಎಂದು ಕೇಳಿದರು. ಅವಳು ಹೂಂ ಎಂದಳು. "ಎಡಗಡೆ ಪುಟ, ಕೆಳಗಿಂದ ಮೂರ್ನೇ ಸಾಲು. ಬಾ ಹೋಗಾನ," ಎಂದು ಕೀಲಿ ತೆಗೆದುಕೊಂಡರು.

ಬಸ್ಸಿನಲ್ಲಿ ರೇಣುಕಾ ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು. ಗುಮಾಸ್ತರು ನನ್ನನ್ನು ಬೈಯಲಿ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಬೀರೂರು ದಾಟಿದ ಮೇಲೆ ಒಂದೇ ಪ್ರಶ್ನೆ ಕೇಳಿದರು.

"ಅಳ್ಸಿದ್ದು ಯಾರು ಮೇಷ್ಟ್ರೇ?"

"ಸಿಸ್ಟಮ್ಮು ಸಾರ್, ಅದು ಆಟೋಮ್ಯಾಟಿಕ್ಕಾಗಿ..."

"ಗುಂಡಿ ಒತ್ತಿದ್ದು?"

"ನಾನು."

"ಹ್ಞಾ," ಎಂದು ಕಿಟಕಿಯ ಕಡೆ ತಿರುಗಿದರು.

ಬೀರುವಿನಲ್ಲಿ ಪುಸ್ತಕಗಳು ಬೇವಿನ ಸೊಪ್ಪಿನ ನಡುವೆ ಬೆಚ್ಚಗಿದ್ದವು. ರೇಣುಕಾ ಬಲಗಡೆ ಪುಟದಲ್ಲಿದ್ದಳು, ಮೇಲಿಂದ ಐದನೇ ಸಾಲು. ಎಡಗಡೆ ಕೆಳಗಿಂದ ಮೂರನೆಯದು ಬೇರೆ ಯಾರೋ. ಗುಮಾಸ್ತರಿಗೆ ಭಾರಿ ಅವಮಾನವಾಯಿತು. "ವಯಸ್ಸಾಯ್ತು" ಎಂದು ಎರಡು ಸಲ ಹೇಳಿಕೊಂಡರು. ರೇಣುಕಾ ತನ್ನ ಹೆಸರಿನ ಮೇಲೆ ಬೆರಳಿಟ್ಟು, "ನಾನಿದ್ದೀನಿ" ಎಂದಳು. ಅವಳ ಕಣ್ಣು ತುಂಬಿತ್ತು. ನನ್ನದೂ ತುಂಬಿತ್ತು, ಆದರೆ ಅಲ್ಲಿ ಅಳುವ ಯೋಗ್ಯತೆ ನನಗಿರಲಿಲ್ಲ.

ಪುಸ್ತಕವನ್ನು ಕಡೂರಿಗೆ ತೆಗೆದುಕೊಂಡು ಹೋಗೋಣ, ಮುಖ್ಯೋಪಾಧ್ಯಾಯಿನಿಗೆ ತೋರಿಸಬೇಕು ಎಂದೆ.

"ಪುಸ್ತಕ ಬರಲ್ಲ," ಎಂದರು. "ಅವ್ರೇ ಬರ್ಲಿ."

"ನಾಳೆ ಭಾನುವಾರ ಸಾರ್..."

"ಭಾನುವಾರನೂ ಬಸ್ಸೈತೆ."

ಭಾನುವಾರ ಬೆಳಿಗ್ಗೆ ಮುಖ್ಯೋಪಾಧ್ಯಾಯಿನಿ ಗೊಣಗಿಕೊಂಡೇ ಅಜ್ಜಂಪುರಕ್ಕೆ ಬಂದರು. ಸಾಲು ನೋಡಿದರು, ಅದರ ಕೆಳಗಿದ್ದ ಹಳೆಯ ಸಹಿ, ಮೊಹರು ನೋಡಿದರು. ಅಲ್ಲೇ ಮೇಜಿನ ಮೇಲೆ ಪ್ರಮಾಣಪತ್ರಕ್ಕೆ ಸಹಿ ಹಾಕಿದರು. ರೇಣುಕಾ ಬೀರೂರಿಗೆ ಹೋಗಿ ರೈಲು ಹತ್ತಿದಳು. ಬುಧವಾರ ಫೋನ್ ಮಾಡಿ, ಎಲ್ಲಾ ಒಪ್ಪಿದರು ಸಾರ್, ಗುಮಾಸ್ತ್ರಿಗೆ ಹೇಳಿ ಎಂದಳು. ನನಗೆ ಒಂದು ಬೈಗುಳವನ್ನೂ ಅವಳು ಹೇಳಲಿಲ್ಲ. ಗುಮಾಸ್ತರು ಅವಳಿಗೂ ಸತ್ಯ ಹೇಳಿರಲಿಲ್ಲ.

ಆಮೇಲೆ ಹದಿಮೂರು ದಿನ ನಾವಿಬ್ಬರೂ ಅಜ್ಜಂಪುರಕ್ಕೆ ಹೋಗಿ ಬಂದೆವು. ಅವರು ಓದುವುದು, ನಾನು ಟೈಪ್ ಮಾಡುವುದು. ಎಮ್ಮೆದೊಡ್ಡಿಯ ಮಲ್ಲೇಶನ ಹೆಸರು ಬಂದಾಗ, ಸೇರಿದ ದಿನ ಕಿಟಕಿ ಹಾರಿ ಓಡಿಹೋಗಿದ್ದವನು ಇವನೇ ಎನ್ನುವರು. ಇನ್ನೊಂದು ಹೆಸರಿಗೆ ಸುಮ್ಮನೆ ನಿಲ್ಲುವರು. ಆ ಹುಡುಗ ಈಗಿಲ್ಲ ಎಂದು ನಾನೇ ಊಹಿಸಿಕೊಳ್ಳಬೇಕು. ಒಂದೇ ಹೆಸರಿನ ಏಳು ಜನ ಬಂದಾಗಲೂ ಏಳನ್ನೂ ಅಷ್ಟೇ ನಿಧಾನವಾಗಿ, ಹೊಸಬರನ್ನು ಪರಿಚಯಿಸುವವರ ಹಾಗೆ ಓದುತ್ತಿದ್ದರು. ಅಷ್ಟು ದಿನ ನಾನು ಅವರನ್ನು ನಿಧಾನದ ಮನುಷ್ಯ ಎಂದು ಆಡಿಕೊಂಡಿದ್ದೆ. ಆ ಹದಿಮೂರು ದಿನದಲ್ಲಿ ನನಗೆ ಅವರ ಮೇಲೆ ಹುಟ್ಟಿದ್ದು ಗೌರವವಲ್ಲ, ಪ್ರೀತಿ.

ಆ ವರ್ಷದ ವಾರ್ಷಿಕೋತ್ಸವದಲ್ಲಿ ಒಂದು ಸನ್ಮಾನ ನಡೆಯಿತು. ಕಳೆದುಹೋಗಿದ್ದ ವಿದ್ಯಾರ್ಥಿಗಳ ಮಾಹಿತಿಯನ್ನು ಆಧುನಿಕ ತಂತ್ರಜ್ಞಾನದ ಮೂಲಕ ಮರಳಿ ತಂದ ಕಂಪ್ಯೂಟರ್ ಶಿಕ್ಷಕರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಕಳೆದದ್ದು ಹೇಗೆ ಎಂದು ಯಾರೂ ಕೇಳಲಿಲ್ಲ. ತಾಂತ್ರಿಕ ದೋಷ ಎಂಬ ಪದ ಎಷ್ಟು ಉಪಕಾರಿ ಎಂದರೆ, ಅದರಲ್ಲಿ ಮಾಡಿದವನ ಹೆಸರೇ ಇರುವುದಿಲ್ಲ. ನಾನು ವೇದಿಕೆ ಹತ್ತಿ, ತಲೆ ಬಗ್ಗಿಸಿ, ಶಾಲು ಹೊದೆಸಿಕೊಂಡೆ. ಮೂರನೇ ಸಾಲಿನಲ್ಲಿ ಗುಮಾಸ್ತರು ಕೂತಿದ್ದರು. ಅವರು ವ್ಯಂಗ್ಯವಿಲ್ಲದೆ, ಎಲ್ಲರಂತೆ, ಎರಡೂ ಕೈ ಸೇರಿಸಿ ಚಪ್ಪಾಳೆ ತಟ್ಟಿದರು. ನಾನು ಈ ಬರಹದಲ್ಲಿ ಅಧ್ಯಕ್ಷರನ್ನು ಸಾಕಷ್ಟು ಆಡಿಕೊಂಡಿದ್ದೇನೆ. ಆ ದಿನ ಅಧ್ಯಕ್ಷರಿಗೆ ಸತ್ಯ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಮರುದಿನ ಆ ಹಣ್ಣಿನ ಬುಟ್ಟಿಯನ್ನೇ ಎತ್ತಿಕೊಂಡು ಅವರ ಮನೆಗೆ ಹೋದೆ. ಕ್ಷಮೆ ಕೇಳುವ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಅವರ ಮನೆಯವರು ಕಾಫಿ ತಂದಿಟ್ಟರು. ನಾನು ಬಾಯಿ ತೆರೆಯುವ ಮುಂಚೆ ಅವರೇ ಕೇಳಿದರು.

"ಆ ಹಳೇದನ್ನ ಇಟ್ಕಳೋ ಡಬ್ಬಿಗೆ ಈಗ್ಲಾದ್ರೂ ಗುರ್ತು ಹಾಕಿದ್ರಾ ಮೇಷ್ಟ್ರೇ?"

"ಹಾಕಿದ್ದೀನಿ ಸಾರ್."

"ಎಲ್ಲಿ, ತೋರ್ಸಿ."

ಹಾಕಿರಲಿಲ್ಲ. ನಾಳೆ, ನಾಡಿದ್ದು ಎಂದು ಬಿಟ್ಟುಕೊಂಡೇ ಬಂದಿದ್ದೆ. ಸನ್ಮಾನದ ಗಡಿಬಿಡಿ ಬೇರೆ. ಲ್ಯಾಪ್‌ಟಾಪ್ ತೆಗೆದೆ. ಆ ಪುಟ ಬಂತು, ಡಬ್ಬಿ ಖಾಲಿ ಇತ್ತು. ಅವರು ಪರದೆ ನೋಡಿದರು, ನನ್ನ ಮುಖ ನೋಡಲಿಲ್ಲ. ಕಾಫಿ ಲೋಟ ಎತ್ತಿಕೊಂಡು, "ಹಾಕಿ, ಅವಸರ ಇಲ್ಲ" ಎಂದರು. ಟಿಕ್ ಹಾಕಿದೆ. ಎಷ್ಟು ದಿನ ಕಾದಿಡಬೇಕೆಂದು ಅದು ಕೇಳಿತು, ಇದ್ದುದರಲ್ಲಿ ಹೆಚ್ಚಿನದನ್ನು ಒತ್ತಿದೆ. ಈಗಲೇ ಒಂದು ಪ್ರತಿ ತೆಗೆಯಲೇ ಎಂದಿತು, ಹೌದು ಎಂದೆ. ಮುಗಿಯಿತು ಎಂದು ಮುಚ್ಚಲು ಹೋದೆ.

"ತಡೀರಿ. ಕೆಲ್ಸ ಮಾಡ್ತೈತೋ ಇಲ್ವೋ ಗೊತ್ತಾಗೋದೆಂಗೆ? ಒಂದು ಸಾಲು ಅಳ್ಸಿ, ವಾಪಸ್ ತನ್ನಿ ನೋಡಾನ."

"ಯಾರದ್ದು ಸಾರ್?"

"ನೀವೂ ನಮ್ ಶಾಲೇಲೇ ಓದಿದ್ದಲ್ವಾ? ನಿಮ್ದೇ ಅಳ್ಸಿ."

ನನ್ನ ಸಾಲು ಹುಡುಕಿ ತೆಗೆದೆ. ನನ್ನ ಹೆಸರು, ನಮ್ಮಪ್ಪನ ಹೆಸರು, ನಮ್ಮೂರು, ಜೂನ್ ಒಂದು. ಒಂದು ಮಧ್ಯಾಹ್ನ ಊಟ ಮಾಡಿ ಬಂದು ನೂರಾರು ಜನರನ್ನು ಅಳಿಸಿದ್ದ ಬೆರಳು ಈ ಒಂದು ಸಾಲಿನ ಮೇಲೆ ಬಂದು ನಿಂತಿತು. ಕೊನೆಗೆ ಒತ್ತಿದೆ. ಸಾಲು ಹೋಯಿತು. ವಾಪಸ್ ತರಲು ಹೇಳಿದೆ, ಸ್ವಲ್ಪ ಸಮಯ ಹಿಡಿಯುತ್ತದೆ ಎಂದಿತು.

ಹತ್ತು ನಿಮಿಷ ಹಿಡಿಯಿತು. ಆ ಹತ್ತು ನಿಮಿಷ ನಾನು ಆ ಶಾಲೆಯಲ್ಲಿ ಓದಿದವನೇ ಅಲ್ಲ. ಅವರು ಗೋಡೆಗೊರಗಿ ಕೂತಿದ್ದರು. ನಾನು ಪರದೆಯಿಂದ ಕಣ್ಣು ಕೀಳಲಿಲ್ಲ. ಸಾಲು ಮತ್ತೆ ಮೂಡಿದಾಗ ಅವರು ಕನ್ನಡಕ ಏರಿಸಿ, ಹತ್ತಿರ ಸರಿದು, ಹೆಸರಿನಿಂದ ತಾರೀಖಿನವರೆಗೆ ಒಂದೊಂದೇ ಅಕ್ಷರದ ಕೆಳಗೆ ಬೆರಳು ಆಡಿಸುತ್ತ ಓದಿದರು.

"ಎಲ್ಲಾ ಬಂದೈತೆ," ಎಂದರು. "ಕುಡೀರಿ ಈಗ, ಕಾಫಿ ಆರೋಯ್ತು."